ಒಂದೇ ಲಾಭ, ಬೇರೆ ಬೇರೆ ಅಂಕ: ಶಾರ್ಪ್, ಸಾರ್ಟಿನೊ, ಟ್ರೇನರ್, ಕಾಲ್ಮಾರ್

ನನ್ನ ಬಳಿಯಿದ್ದ ಷೇರುಗಳ ಐದು ವರ್ಷದ ಮಾಸಿಕ ಗಳಿಕೆಯನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ, ಅಪಾಯಕ್ಕೆ ಹೋಲಿಸಿ ಗಳಿಕೆಯನ್ನು ತೂಗುವ ಈ ನಾಲ್ಕು ಅಳತೆಗಳನ್ನು ಪಕ್ಕಪಕ್ಕದ ಕಾಲಂಗಳಲ್ಲಿ ಲೆಕ್ಕ ಮಾಡಿದೆ. ನಾಲ್ಕೂ ಹೆಚ್ಚುಕಡಿಮೆ ಒಂದೇ ಕ್ರಮ ಕೊಡುತ್ತವೆ ಎಂದುಕೊಂಡಿದ್ದೆ. ಕೊಡಲಿಲ್ಲ. ಯಾಕೆ ಅನ್ನುವುದನ್ನು ಕೈಯಲ್ಲೇ ಲೆಕ್ಕ ಹಾಕಬಹುದಾದ ಒಂದು ಪುಟ್ಟ ಉದಾಹರಣೆಯಲ್ಲಿ ತೋರಿಸುತ್ತೇನೆ. ಆರು ತಿಂಗಳ ಗಳಿಕೆ, ಶೇಕಡಾ ಲೆಕ್ಕದಲ್ಲಿ:

ಮೊದಲ ಷೇರು: +1, +2, +1, +20, +2, −2
ಎರಡನೇ ಷೇರು: +9, −4, +8, −3, +10, +4

ಎರಡರ ಸರಾಸರಿಯೂ ತಿಂಗಳಿಗೆ ಶೇ 4. ನಿಮ್ಮ ಕೈಗೆ ಯಾವುದು ಬೇಕು?

ಶಾರ್ಪ್ ಅನುಪಾತವನ್ನು ಕೇಳಿದರೆ ಎರಡನೆಯದು ಎನ್ನುತ್ತದೆ. ಅಪಾಯವಿಲ್ಲದ ಬಡ್ಡಿಗಿಂತ ಎಷ್ಟು ಹೆಚ್ಚು ಗಳಿಸಿತು ಎಂಬುದನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ, ಅಂದರೆ ಗಳಿಕೆ ತನ್ನ ಸರಾಸರಿಯಿಂದ ಎಷ್ಟು ಆಚೀಚೆ ಹೊಯ್ದಾಡುತ್ತದೆ ಎಂಬುದರಿಂದ ಭಾಗಿಸುವುದು ಇದರ ಕೆಲಸ. ಬಡ್ಡಿಯನ್ನು ಸದ್ಯಕ್ಕೆ ಸೊನ್ನೆ ಎಂದಿಟ್ಟುಕೊಂಡರೆ, ಮೊದಲನೆಯದಕ್ಕೆ 0.50, ಎರಡನೆಯದಕ್ಕೆ 0.65. ಮೊದಲ ಷೇರು ಅಂಕ ಕಳೆದುಕೊಂಡಿದ್ದು ಬಿದ್ದಿದ್ದಕ್ಕಲ್ಲ, ಒಂದು ತಿಂಗಳು ಶೇ 20 ಏರಿದ್ದಕ್ಕೆ! ವಿಲಿಯಂ ಶಾರ್ಪ್ 1966ರಲ್ಲಿ ಇದನ್ನು ಮಂಡಿಸಿದಾಗ ಇಟ್ಟ ಹೆಸರಿನ ಅರ್ಥ 'ಏರಿಳಿತಕ್ಕೆ ಸಿಕ್ಕ ಪ್ರತಿಫಲ' ಎಂದು. ಆ ಹೆಸರೇ ಉಳಿದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಇದು ಅಳೆಯುವುದು ಏರಿಳಿತವನ್ನು; ನಷ್ಟದ ಭಯ ಬೇರೆ ಮಾತು.

ಸಾರ್ಟಿನೊ ಇದೇ ಲೆಕ್ಕವನ್ನು ತಿರುಗಿಸಿ ಹಾಕುತ್ತದೆ. ನಾವು ಇಟ್ಟುಕೊಂಡ ಗಳಿಕೆಯ ಗುರಿಗಿಂತ ಕೆಳಗೆ ಬಿದ್ದ ತಿಂಗಳುಗಳನ್ನಷ್ಟೇ ಅಪಾಯವೆಂದು ಎಣಿಸುತ್ತದೆ. ಗುರಿ ಸೊನ್ನೆಯಾದರೆ ಮೊದಲ ಷೇರಿಗೆ 4.9, ಎರಡನೆಯದಕ್ಕೆ 1.96. ಫಲಿತಾಂಶ ಪೂರ್ತಿ ಉಲ್ಟಾ. ಷೇರು ಹಿಡಿದು ಕೂತವನ ಮನಸ್ಸಿಗೆ ಹತ್ತಿರವಾದ ಅಳತೆ ಇದೇ. ಆದರೆ ಇಲ್ಲೊಂದು ಬಲೆ ಇದೆ, ನಾನೇ ಬಿದ್ದೆ. ಕುಸಿತಗಳ ವರ್ಗಗಳನ್ನು ಕೂಡಿಸಿ, ನಷ್ಟದ ತಿಂಗಳುಗಳ ಸಂಖ್ಯೆಯಿಂದ ಭಾಗಿಸುತ್ತಿದ್ದೆ. ಭಾಗಿಸಬೇಕಾದ್ದು ಒಟ್ಟು ತಿಂಗಳುಗಳಿಂದ; ಅದರ ವರ್ಗಮೂಲವೇ ಇಲ್ಲಿ ಅಪಾಯದ ಅಂಕೆ. ನನ್ನ ತಪ್ಪು ಸೂತ್ರದಲ್ಲಿ ಮೊದಲ ಷೇರಿನ 4.9 ಇಳಿದು 2 ಆಗುತ್ತಿತ್ತು: ಬೀಳದೇ ಇದ್ದ ಐದು ತಿಂಗಳಿಗೆ ಬೆಲೆಯೇ ಇಲ್ಲ ಎಂಬಂತೆ. ಸಿದ್ಧ ಸಾಫ್ಟ್‌ವೇರ್‌ಗಳು ಕೊಡುವ ಸಾರ್ಟಿನೊ ನಂಬುವ ಮುನ್ನ ಇದೊಂದನ್ನು ಪರೀಕ್ಷಿಸಿ. ಇನ್ನೊಂದು ಕೊರತೆ: ನಷ್ಟದ ತಿಂಗಳು ಒಂದೋ ಎರಡೋ ಇದ್ದಾಗ ಅಂಕ ಆಕಾಶಕ್ಕೇರುತ್ತದೆ. ಆ 4.9 ನಿಂತಿರುವುದು ಒಂದೇ ಒಂದು ತಿಂಗಳ ಮೇಲೆ.

ಟ್ರೇನರ್ ಅನುಪಾತ ಶಾರ್ಪ್‌ಗಿಂತ ಒಂದು ವರ್ಷ ಹಳೆಯದು, 1965ರದು. ಅದೇ ಹೆಚ್ಚುವರಿ ಗಳಿಕೆಯನ್ನು ಇದು ಭಾಗಿಸುವುದು ಬೀಟಾದಿಂದ, ಅಂದರೆ ಮಾರುಕಟ್ಟೆ ಜೊತೆ ಷೇರು ಎಷ್ಟು ಕುಣಿಯುತ್ತದೆ ಎಂಬುದರಿಂದ. ಹತ್ತಾರು ಷೇರುಗಳ ನಡುವೆ ಇದೂ ಒಂದು ಎನ್ನುವವರಿಗೆ ಸರಿ. ಒಂದೇ ಷೇರಿನಲ್ಲಿ ಹೆಚ್ಚು ಹಣ ಇಟ್ಟವರಿಗೆ ಸಲ್ಲದು, ಯಾಕೆಂದರೆ ಕಂಪನಿಯದೇ ಆದ ಅಪಾಯವನ್ನು ಇದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಹಿವಾಟು ತೀರಾ ಕಡಿಮೆಯಿದ್ದ ಒಂದು ಷೇರಿಗೆ ದಿನದ ಬೆಲೆ ಹಾಕಿ ನೋಡಿದಾಗ ಬೀಟಾ ಸೊನ್ನೆಯ ಹತ್ತಿರ ಬಂದು, ಆ ಷೇರು ಟ್ರೇನರ್ ಪಟ್ಟಿಯ ಮೇಲ್ತುದಿಗೆ ಹೋಗಿ ಕೂತಿತು. ಅದು ಸುರಕ್ಷಿತ ಷೇರಲ್ಲ, ಬೆಲೆ ತಡವಾಗಿ ಬದಲಾಗುವ ಷೇರು. ಒಂಟಿ ಷೇರಿಗೆ ಟ್ರೇನರ್ ಬಳಸುವುದನ್ನು ಅಂದೇ ಬಿಟ್ಟೆ.

ಇನ್ನು ಕಾಲ್ಮಾರ್, 1991ರಲ್ಲಿ ಟೆರಿ ಯಂಗ್ ಮುಂದಿಟ್ಟದ್ದು. ವಾರ್ಷಿಕ ಗಳಿಕೆಯನ್ನು ಅತಿ ದೊಡ್ಡ ಡ್ರಾಡೌನ್‌ನಿಂದ, ಅಂದರೆ ಶಿಖರದಿಂದ ತಳಕ್ಕೆ ಆದ ಕುಸಿತದಿಂದ ಭಾಗಿಸುತ್ತದೆ. ಸಾಮಾನ್ಯವಾಗಿ 36 ತಿಂಗಳ ಲೆಕ್ಕ. ಉಳಿದ ಮೂರೂ ಕಾಣದ ಒಂದು ಸಂಗತಿ ಇದಕ್ಕೆ ಕಾಣುತ್ತದೆ: ತಿಂಗಳುಗಳ ಸರದಿ. ಎರಡನೇ ಷೇರಿನ −4 ಮತ್ತು −3 ಬೇರೆ ಬೇರೆ ಬಂದಾಗ ದೊಡ್ಡ ಕುಸಿತ ಶೇ 4 ಮಾತ್ರ. ಅವೆರಡನ್ನೂ ಒಂದರ ಹಿಂದೆ ಒಂದು ಇಡಿ, ಕುಸಿತ ಶೇ 6.9. ಶಾರ್ಪ್, ಸಾರ್ಟಿನೊ ಒಂದು ಕೂದಲೂ ಅಲುಗುವುದಿಲ್ಲ. ಆದರೆ ಜನ ಹೆದರಿ ಮಾರುವುದು ಸಾಲಾಗಿ ಬರುವ ಕೆಟ್ಟ ತಿಂಗಳುಗಳಲ್ಲೇ. ಕಾಲ್ಮಾರ್‌ನ ದೋಷವೂ ಅಲ್ಲೇ ಇದೆ: ಇಡೀ ಅಂಕ ಒಂದೇ ಘಟನೆಗೆ ಜೋತುಬಿದ್ದಿರುತ್ತದೆ, ಆ ಕುಸಿತ 36 ತಿಂಗಳ ಕಿಟಕಿಯಿಂದ ಹೊರಬಿದ್ದ ಕೂಡಲೇ ಷೇರು ರಾತ್ರೋರಾತ್ರಿ ಸಾಧುವಾಗಿಬಿಡುತ್ತದೆ.

ಈಗ ನಾನು ಮಾಡುವುದು ಇಷ್ಟು: ಮೊದಲ ಸೋಸುವಿಕೆಗೆ ಶಾರ್ಪ್, ತೀರ್ಮಾನಕ್ಕೆ ಸಾರ್ಟಿನೊ, ಪಕ್ಕದಲ್ಲಿ ಡ್ರಾಡೌನ್‌ನ ಗ್ರಾಫ್. ಡಿವಿಡೆಂಡ್ ಸೇರಿಸಿ ಸರಿಪಡಿಸಿದ ಬೆಲೆಯನ್ನೇ ಹಾಕುತ್ತೇನೆ. ಇಲ್ಲದಿದ್ದರೆ ಡಿವಿಡೆಂಡ್ ಕೊಡುವ ಷೇರುಗಳಿಗೆ ಅನ್ಯಾಯವಾಗುತ್ತದೆ. ಗಳಿಕೆ ಮೈನಸ್ ಇದ್ದರೆ ಶಾರ್ಪ್ ಕಾಲಂ ಅನ್ನು ಮುಚ್ಚಿಬಿಡುತ್ತೇನೆ. ಎರಡು ಷೇರೂ ಶೇ 10 ಕಳೆದಿದ್ದು, ಒಂದರ ಏರಿಳಿತ 20, ಇನ್ನೊಂದರದು 40 ಇದ್ದರೆ, ಅಂಕ −0.50 ಮತ್ತು −0.25. ಹೆಚ್ಚು ಹೊಯ್ದಾಡಿದ್ದೇ ಮೇಲಾಗಿ ಕಾಣುತ್ತದೆ.

ದಶಮಾಂಶಗಳನ್ನು ನೋಡಿ ಷೇರುಗಳಿಗೆ ರ್‍ಯಾಂಕ್ ಕೊಡುವುದನ್ನೂ ನಿಲ್ಲಿಸಿದ್ದೇನೆ. 60 ತಿಂಗಳ ಮಾಹಿತಿಯಿಂದ ಬಂದ ವಾರ್ಷಿಕ ಶಾರ್ಪ್ 0.5 ಆಗಿದ್ದರೆ, ತಿಂಗಳುಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೂ, ಅದರ ಸ್ಟ್ಯಾಂಡರ್ಡ್ ಎರರ್, ಅಂದರೆ ಆ ಅಂದಾಜು ಎಷ್ಟು ಆಚೀಚೆ ಇರಬಹುದು ಎಂಬ ಅಳತೆ, ಸುಮಾರು 0.45. 0.5ಕ್ಕೂ 0.6ಕ್ಕೂ ನಡುವೆ ನಾನು ವಾರಗಟ್ಟಲೆ ತೂಗಿ ನೋಡಿದ ಅಂತರ ಅದರೊಳಗೇ ಮುಳುಗಿಹೋಗುತ್ತದೆ.