ಮಡಿಕೇರಿಯಲ್ಲಿ ಮಾಡಿಸಿದ ‘ಒತ್ತಡ ಪ್ಯಾಕೇಜ್’: ಹನ್ನೊಂದೂವರೆಯ ರಕ್ತಕ್ಕೆ ಬೆಳಗಿನ ಅಳತೆಗೋಲು

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ, ರಾತ್ರಿ ಹೆಂಚಿನ ಮೇಲೆ ಮಳೆ ಬಿರುಸಾದರೆ ಸಾಕು, ನನಗೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಈ ಮಳೆಗಾಲದಲ್ಲಿ ಮೂರು ವಾರ ನೆಟ್ಟಗೆ ನಿದ್ದೆಯೇ ಬಾರದಿದ್ದಾಗ, ತೋಟದ ರೈಟರ್ ಕೆಲಸಕ್ಕೆ ಒಂದು ದಿನ ರಜೆ ಹಾಕಿ, ಮಡಿಕೇರಿಯ ಖಾಸಗಿ ಲ್ಯಾಬ್ ಒಂದರಲ್ಲಿ ‘ಒತ್ತಡ ಮತ್ತು ಆತಂಕ ಪ್ಯಾಕೇಜ್’ ಮಾಡಿಸಿದೆ. ಶುಲ್ಕ 2,400 ರೂಪಾಯಿ. ಆತಂಕವನ್ನು ರಕ್ತದಲ್ಲೇ ಪತ್ತೆ ಹಚ್ಚುವುದಾಗಿ ಅವರ ಕರಪತ್ರ ಹೇಳುತ್ತಿತ್ತು.

ಸಿಬ್ಬಂದಿಯ ಬಗ್ಗೆ ದೂರಿಲ್ಲ. ರಕ್ತ ತೆಗೆದ ಹುಡುಗಿಯ ಕೈ ಎಷ್ಟು ಹಗುರವೆಂದರೆ ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ. ತೊಂದರೆ ಇದ್ದದ್ದು ಗಡಿಯಾರದಲ್ಲಿ. ಎಂಟು ಗಂಟೆಗೆ ಬರಹೇಳಿದ್ದರೂ ಸರದಿ ಬಂದಾಗ ಹನ್ನೊಂದು ಇಪ್ಪತ್ತಾಗಿತ್ತು. ಅಷ್ಟರಲ್ಲಿ ನಾನು ಎದುರಿನ ಹೋಟೆಲಿನಲ್ಲಿ ಎರಡು ಲೋಟ ಬೆಲ್ಲದ ಕಾಫಿ ಕುಡಿದು ಮುಗಿಸಿದ್ದೆ. ಕುಡಿಯಬಾರದೆಂದು ಯಾರೂ ಹೇಳಿರಲಿಲ್ಲ.

ಇದು ಸಣ್ಣ ವಿಷಯವಲ್ಲ. ಈ ಪ್ಯಾಕೇಜಿನ ಮುಖ್ಯ ಪರೀಕ್ಷೆ ಕಾರ್ಟಿಸಾಲ್. ಭಯವೋ ಒತ್ತಡವೋ ಎದುರಾದಾಗ ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿಯು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಎಚ್ಚರಿಸುತ್ತದೆ, ಅವು ಕಾರ್ಟಿಸಾಲನ್ನು ಸ್ರವಿಸುತ್ತವೆ. ಆದರೆ ಈ ಹಾರ್ಮೋನು ಒತ್ತಡವಿಲ್ಲದ ದಿನವೂ ಏರಿಳಿಯುತ್ತಲೇ ಇರುತ್ತದೆ: ಎಚ್ಚರವಾದ ಅರ್ಧ ಮುಕ್ಕಾಲು ಗಂಟೆಯಲ್ಲಿ ಶಿಖರ ಮುಟ್ಟಿ, ಆಮೇಲೆ ದಿನವಿಡೀ ಇಳಿಯುತ್ತಾ ನಡುರಾತ್ರಿಯ ಹೊತ್ತಿಗೆ ತಳ ಕಾಣುತ್ತದೆ. ಕಾಫಿಯೂ ಅದನ್ನು ಏರಿಸಬಲ್ಲದು. ಗೂರಲಿಗೆ ಬಳಸುವ ಸ್ಟೀರಾಯ್ಡ್ ಇನ್‌ಹೇಲರ್, ಸ್ಟೀರಾಯ್ಡ್ ಮಾತ್ರೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಇವೆಲ್ಲ ಫಲಿತಾಂಶವನ್ನು ಅತ್ತಿತ್ತ ಮಾಡಬಲ್ಲವು. ಲ್ಯಾಬಿನ ಅರ್ಜಿಯಲ್ಲಿ ಇವುಗಳ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಮೊಬೈಲ್ ಸಂಖ್ಯೆಯನ್ನು ಮಾತ್ರ ಎರಡು ಕಡೆ ಕೇಳಿದ್ದರು.

ವರದಿಯಲ್ಲಿ ನನ್ನ ಕಾರ್ಟಿಸಾಲ್ 9.8 ಎಂದಿತ್ತು. ಅದರ ಪಕ್ಕದಲ್ಲಿ ಬೆಳಿಗ್ಗೆ 6ರಿಂದ 10ರ ನಡುವಿನ ವ್ಯಾಪ್ತಿ ಅಚ್ಚಾಗಿತ್ತು, ಕೆಳಗೆ ‘ಸಾಮಾನ್ಯ’ ಎಂಬ ಷರಾ. ಹನ್ನೊಂದು ಇಪ್ಪತ್ತರ ರಕ್ತವನ್ನು ಹತ್ತು ಗಂಟೆಗೆ ಮುಗಿಯುವ ಅಳತೆಗೋಲಿನಿಂದ ಅಳೆದಂತಾಯಿತು. ಸಮಯ ಸರಿಯಿದ್ದರೂ ಒಂದೇ ಸಲದ ಅಂಕಿಯಿಂದ ಏನು ತಿಳಿದೀತು? ನಮ್ಮ ತೋಟದಲ್ಲಿ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚುಗಳನ್ನು ಪುಸ್ತಕಕ್ಕೆ ಏರಿಸುವವನು ನಾನೇ. ಜುಲೈಯ ಒಂದು ದಿನದ ಅಂಕಿ ಹಿಡಿದುಕೊಂಡು ವರ್ಷದ ಮಳೆ ಇಷ್ಟೇ ಎಂದರೆ ಸಾಹುಕಾರರು ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳಲಾರರು. ದೀರ್ಘಕಾಲದ ಲೆಕ್ಕ ಬೇಕೆಂದೇ ಸಂಶೋಧಕರು ಕೂದಲಿನ ಕಾರ್ಟಿಸಾಲ್ ಅಳೆಯುತ್ತಾರೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಬುಡದ 3 ಸೆಂಟಿಮೀಟರಿನಲ್ಲಿ ಹೆಚ್ಚುಕಡಿಮೆ ಮೂರು ತಿಂಗಳ ದಾಖಲೆ ಸಿಗುತ್ತದೆ. ರಕ್ತದ ಕಾರ್ಟಿಸಾಲ್ ಪರೀಕ್ಷೆಯನ್ನು ವೈದ್ಯರು ಮುಖ್ಯವಾಗಿ ಬರೆದುಕೊಡುವುದು ಕುಶಿಂಗ್, ಅಡಿಸನ್ ಮುಂತಾದ ಅಡ್ರಿನಲ್ ಸಂಬಂಧಿ ಕಾಯಿಲೆಗಳ ಶಂಕೆ ಇದ್ದಾಗ.

ಎರಡನೆಯದು ಹೃದಯಬಡಿತಗಳ ನಡುವಿನ ಅಂತರದ ಏರುಪೇರನ್ನು ಅಳೆಯುವ ಪರೀಕ್ಷೆ. ಮೈಮನಸ್ಸು ನಿರಾಳವಾಗಿದ್ದಾಗ ಈ ಏರುಪೇರು ಸಾಮಾನ್ಯವಾಗಿ ಹೆಚ್ಚು, ಒತ್ತಡದಲ್ಲಿ ಕಡಿಮೆ ಎಂಬ ತತ್ತ್ವದ ಮೇಲೆ ಅದು ನಿಂತಿದೆ. 1996ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅಲ್ಪಾವಧಿಯ ದಾಖಲೆಗೂ 5 ನಿಮಿಷ ಬೇಕು. ಇಲ್ಲಿ ಎರಡು ಮಹಡಿ ಹತ್ತಿಸಿ, ಏದುಸಿರು ಇಳಿಯುವ ಮೊದಲೇ ಬೆರಳಿಗೆ ಕ್ಲಿಪ್ ಸಿಕ್ಕಿಸಿ, ಒಂದು ನಿಮಿಷದಲ್ಲಿ ತೆಗೆದುಬಿಟ್ಟರು. ಕೊನೆಗೆ ಕೆಂಪು ಬಣ್ಣದಲ್ಲಿ ‘ಒತ್ತಡ ಅಂಕ 72’ ಎಂದು ಬಂತು. ಲೆಕ್ಕ ಹೇಗೆ ಹಾಕಿದರೆಂದು ಕೇಳಿದರೆ ‘ಸಾಫ್ಟ್‌ವೇರ್ ಕೊಡುತ್ತದೆ ಸರ್’ ಎಂಬ ಉತ್ತರ ಸಿಕ್ಕಿತು.

ಪ್ಯಾಕೇಜಿನಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು, ಕರಪತ್ರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದ ಥೈರಾಯ್ಡ್ ಪರೀಕ್ಷೆ. ಥೈರಾಯ್ಡ್ ಅತಿಯಾದಾಗಲೂ ಎದೆಬಡಿತ, ಕೈನಡುಕ, ನಿದ್ದೆಗೇಡು ಕಾಣಿಸಿಕೊಳ್ಳುವುದರಿಂದ ಆ ಶಂಕೆ ಮೊದಲು ನಿವಾರಣೆಯಾಗಬೇಕು. ನನ್ನದು ಸರಿಯಾಗಿತ್ತು. ಇದೊಂದನ್ನೇ ಬಿಡಿಯಾಗಿ ಮಾಡಿಸಿದ್ದರೆ ಖರ್ಚು ಎಷ್ಟೋ ಕಡಿಮೆಯಾಗುತ್ತಿತ್ತು.

ಕೊನೆಗೆ ವರದಿ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋದೆ. ವೈದ್ಯರು ಆ ಕೆಂಪು ಅಂಕವನ್ನು ಪಕ್ಕಕ್ಕಿಟ್ಟು ಜಿಎಡಿ-7 ಎಂಬ ಪ್ರಶ್ನಾವಳಿ ತೆಗೆದರು. 2006ರಲ್ಲಿ ಪ್ರಕಟವಾದ ಇದರಲ್ಲಿ ಕಳೆದ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆಗಳಿದ್ದು, ಒಟ್ಟು 21 ಅಂಕಗಳಿವೆ. ನನಗೆ 12 ಬಂತು. ಅಂದರೆ ಮಧ್ಯಮ ಮಟ್ಟದ ಆತಂಕ. ‘ಮಳೆ ಬಂದಾಗ ಮಾತ್ರವೋ, ಬಿಸಿಲಲ್ಲೂ ಹೀಗೆಯೋ?’ ಎಂದು ಅವರು ಕೇಳಿದ ಒಂದು ಪ್ರಶ್ನೆಗೆ ಉತ್ತರಿಸಲು ನನಗೆ ಹತ್ತು ನಿಮಿಷ ಹಿಡಿಯಿತು.

ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಒಂದು ಹಗುರ ಕೈಗೆ, ಇನ್ನೊಂದು ಥೈರಾಯ್ಡ್ ಪರೀಕ್ಷೆಗೆ. ವೈದ್ಯರೇ ಬರೆದುಕೊಟ್ಟು ಕಾರ್ಟಿಸಾಲ್ ಮಾಡಿಸಬೇಕಾದವರು ಕಾಫಿ ಕುಡಿಯದೆ ಹೋಗಿ, ರಕ್ತ ತೆಗೆದ ಸಮಯವನ್ನು ಟ್ಯೂಬಿನ ಮೇಲೆ ಬರೆಯಿಸಿಕೊಳ್ಳಿ. ಆತಂಕವಷ್ಟೇ ಇದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ.