ಸಿಖಿ ಟು ದ ಮ್ಯಾಕ್ಸ್: ಸಾಲು ಸಿಕ್ಕಿತೆಂದು ತಲೆಬರಹ ಮರೆಯಬೇಡಿ

ಕೊಣಾಜೆಯಲ್ಲೋ ಮಣಿಪಾಲದಲ್ಲೋ ಕುಳಿತು ಹರಿದಾಸರ ಕೀರ್ತನೆಗಳ ಪಕ್ಕದಲ್ಲಿ ಗುರುಬಾಣಿಯನ್ನು (ಸಿಖ್ಖರ ಧರ್ಮಗ್ರಂಥದ ರಚನೆಗಳನ್ನು) ಇಟ್ಟು ಸಂಶೋಧನ ಪ್ರಬಂಧ ಬರೆಯುವವರಿಗೆ ಮೊದಲ ತೊಡಕು, ಗುರು ಗ್ರಂಥ ಸಾಹಿಬ್‌ನ 1430 ಅಂಗ್‌ಗಳಲ್ಲಿ (ಪುಟವನ್ನು ಕರೆಯುವುದೇ ಹಾಗೆ) ಬೇಕಾದ ಸಾಲು ಎಲ್ಲಿದೆ ಎಂಬುದು. ಈ ಕೆಲಸಕ್ಕೆ ಸಿಖಿ ಟು ದ ಮ್ಯಾಕ್ಸ್ ಎಂಬ ಜಾಲತಾಣ ಬಹಳ ಒಳ್ಳೆಯ ಸಾಧನ. ದುಡ್ಡು ಕೊಡಬೇಕಿಲ್ಲ.

ಹುಡುಕುವುದು ಪದಗಳ ಮೊದಲಕ್ಷರಗಳಿಂದ. ‘ಸೋಚೈ ಸೋಚಿ ನ ಹೋವಈ ಜೇ ಸೋಚೀ ಲಖ ವಾರ’ ಬೇಕಿದ್ದರೆ ಸ, ಸ, ನ, ಹ ಒತ್ತಿ. ಬೇರೆ ಸಾಲುಗಳೂ ಬಂದರೆ ಜ, ಸ, ಲ, ವ ಸೇರಿಸಿ. ಕನ್ನಡಿಗರು ಎಡವುವುದು ಸ್ವರದಿಂದ ಶುರುವಾಗುವ ಪದಗಳಲ್ಲಿ. ಗ್ರಂಥದ ಲಿಪಿಯಾದ ಗುರುಮುಖಿಯಲ್ಲಿ ಸ್ವರಗಳಿಗೆ ಮೂರೇ ಆಸರೆ ಅಕ್ಷರ: ಉ, ಊ, ಓ ಬಂದರೆ ಊಡಾ, ಅ, ಆ, ಐ, ಔ ಬಂದರೆ ಐಡಾ, ಇ, ಈ, ಏ ಬಂದರೆ ಈಡಿ. ಹಾಗಾಗಿ ‘ಏಕ’ ಈಡಿಯಲ್ಲಿ, ‘ಐಸಾ’ ಐಡಾದಲ್ಲಿ ಸಿಗುತ್ತದೆ.

ಸಾಲಿನ ಜೊತೆಗೆ ಅಂಗ್, ರಾಗ, ರಚಿಸಿದವರ ಹೆಸರು ಬರುತ್ತವೆ. ಸಾಲನ್ನಷ್ಟೇ ನಕಲು ಮಾಡಿ ಇವನ್ನು ಬಿಟ್ಟರೆ ಪ್ರಬಂಧ ಕೆಡುತ್ತದೆ. ನಮಗೆ ಅಂಕಿತ ನೋಡಿ ಕವಿಯನ್ನು ಗುರುತಿಸುವ ಅಭ್ಯಾಸ: ಹಯವದನ ಎಂದರೆ ವಾದಿರಾಜರು, ಪುರಂದರ ವಿಠಲ ಎಂದರೆ ಪುರಂದರದಾಸರು. ಇಲ್ಲಿ ಆ ಲೆಕ್ಕ ನಡೆಯದು. ‘ನಾನಕ’ ಎಂಬ ಅಂಕಿತ ಆರು ಗುರುಗಳದ್ದು. ಯಾರ ರಚನೆ ಎಂದು ಹೇಳುವುದು ತಲೆಬರಹದ ‘ಮಹಲಾ’ ಸಂಖ್ಯೆ: 1 ಗುರು ನಾನಕ್, 5 ಗುರು ಅರ್ಜನ್, 9 ಗುರು ತೇಗ್ ಬಹಾದುರ್. ವಾರ್‌ಗಳಲ್ಲಿ (ನಡುನಡುವೆ ಸಲೋಕಗಳೆಂಬ ಕಿರುಪದ್ಯಗಳು ಬರುವ ದೀರ್ಘ ರಚನೆಗಳಲ್ಲಿ) ಇನ್ನೂ ಎಚ್ಚರ ಬೇಕು. ಆಸಾ ದೀ ವಾರ್‌ನ ತಲೆಬರಹ ಮಹಲಾ 1. ಆದರೆ ಅದರೊಳಗೆ ಅಂಗ್ 463ರಲ್ಲಿರುವ ‘ಜೇ ಸಉ ಚಂದಾ ಉಗವಹಿ’ (ನೂರು ಚಂದ್ರ ಮೂಡಿದರೂ ಗುರುವಿಲ್ಲದೆ ಕತ್ತಲೆಯೇ ಎನ್ನುವ ಸಲೋಕ) ಮಹಲಾ 2, ಅಂದರೆ ಗುರು ಅಂಗದ್ ಅವರದು. ಪ್ರತಿ ಸಲೋಕದ ಮೇಲಿನ ಸಂಖ್ಯೆಯನ್ನು ಬೇರೆಯಾಗಿಯೇ ನೋಡಬೇಕು.

ರೋಮನ್ ಲಿಪ್ಯಂತರವನ್ನು ನಂಬಿ ಕನ್ನಡಕ್ಕೆ ಇಳಿಸಬೇಡಿ. ಪದದ ಕೊನೆಯ ಹ್ರಸ್ವ ಸ್ವರವನ್ನು ಪಠಣದಲ್ಲಿ ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ, ಲಿಪ್ಯಂತರವೂ ಅದನ್ನು ಬಿಡುತ್ತದೆ. ‘ಸೋಚಿ’ ಅಲ್ಲಿ ‘ಸೋಚ್’ ಆಗುತ್ತದೆ. ಆ ಸ್ವರವೇ ವಿಭಕ್ತಿ. ‘ಗುರು’ ಕರ್ತೃ, ‘ಗುರ’ ಷಷ್ಠಿ, ‘ಗುರಿ’ ಎಂದರೆ ಗುರುವಿನಿಂದ. ಮೂರೂ ‘ಗುರ್’ ಆದರೆ ಅರ್ಥ ಹೋಯಿತು. ವಿಭಕ್ತಿ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಮ್ಮ ಲಿಪಿಯಲ್ಲಿ ಅದನ್ನು ಉಳಿಸುವುದೂ ಸುಲಭ. ಮೂಲ ಗುರುಮುಖಿಯಿಂದಲೇ ಬರೆಯಿರಿ.

ನಕಲು ಮಾಡುವ ಮುನ್ನ ಯುನಿಕೋಡ್ ಆಯ್ಕೆ ಮಾಡಿ. ಹಳೆಯ ಫಾಂಟುಗಳು ಇಂಗ್ಲಿಷ್ ಕೀಲಿಗಳ ಮೇಲೆ ಗುರುಮುಖಿಯ ಆಕಾರ ಕೂರಿಸಿದವು. ಇನ್ನೊಂದು ಕಂಪ್ಯೂಟರಿನಲ್ಲಿ ಬರೀ ರೋಮನ್ ಗೋಜಲು ಕಾಣುತ್ತದೆ. ಅವುಗಳಲ್ಲಿ ಇಕಾರದ ಚಿಹ್ನೆ ವ್ಯಂಜನಕ್ಕಿಂತ ಮೊದಲು, ಯುನಿಕೋಡಿನಲ್ಲಿ ನಂತರ. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಇಕಾರ ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ವಿಭಕ್ತಿ ಮತ್ತೆ ಕೆಡುತ್ತದೆ.

ಉಲ್ಲೇಖದಲ್ಲಿ ರಾಗ, ಮಹಲಾ, ಅಂಗ್ ಮೂರನ್ನೂ ಕೊಡಿ. ಪ್ರಮಾಣಿತ ಮುದ್ರಣಗಳಲ್ಲಿ ಅಂಗ್ ಸಂಖ್ಯೆ ಬದಲಾಗದ ಕಾರಣ, ಯಾವ ಪ್ರತಿ ತೆರೆದರೂ ಓದುಗರಿಗೆ ಸಾಲು ಅಲ್ಲೇ ಸಿಗುತ್ತದೆ.