ಜಾವಾದ ಸರ್ವಿಸ್ ಲೋಡರ್: ಚಿಕ್ಕಮಗಳೂರಿನ ಕಾಫಿ ಲೆಕ್ಕಕ್ಕೆ ಒಗ್ಗುತ್ತದಾ?

ಮೂಡಿಗೆರೆ, ಚಿಕ್ಕಮಗಳೂರು ಕಡೆ ಕಾಫಿ ಕೊಳ್ಳುವವರ ಲೆಕ್ಕ ಒಂದೇ ಸೂತ್ರಕ್ಕೆ ಸಿಗುವುದಿಲ್ಲ. ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) 50 ಕೆಜಿ ಚೀಲದ ದರ ಸಾಕು. ಚೆರಿಗೆ (ಇಡಿಯಾಗಿ ಒಣಗಿಸಿದ ಹಣ್ಣು) ಓಟಿ, ಅಂದರೆ ಔಟ್‌ಟರ್ನ್, ನೋಡಬೇಕು: ಚೀಲವೊಂದರಿಂದ 26 ಕೆಜಿ ಕ್ಲೀನ್ ಕಾಫಿ ಬಂದರೆ ಓಟಿ 26. ಮೆಣಸಿಗೆ ಲೀಟರ್ ತೂಕ, ಅಂದರೆ ಒಂದು ಲೀಟರ್ ಅಳತೆಯ ಮೆಣಸು ಎಷ್ಟು ತೂಗುತ್ತದೆ ಎಂಬುದು. ನಾಳೆ ಏಲಕ್ಕಿಯೂ ಸೇರಬಹುದು. ಪ್ರತಿ ಸಲ ಇಡೀ ಬಿಲ್ಲಿಂಗ್ ಪ್ರೋಗ್ರಾಂ ಕಂಪೈಲ್ ಮಾಡುತ್ತಾ ಕೂರುವ ಬದಲು, ಅದು ಓಡುವಾಗಲೇ ಬೇಕಾದ ಕ್ಲಾಸಿನ (ಒಂದು ಬಗೆಯ ಲೆಕ್ಕ ಬರೆದಿಟ್ಟ ಕೋಡ್) ಆಬ್ಜೆಕ್ಟ್ (ಆ ಕೋಡಿನ ಕೆಲಸ ಮಾಡುವ ಪ್ರತಿ) ಹುಟ್ಟಿಸುವುದು ಜಾಣತನ.

ಇದಕ್ಕೆ ಜಾವಾ ಭಾಷೆಯಲ್ಲಿ ಹಳೆಯ ದಾರಿ ಕ್ಲಾಸ್.ಫಾರ್‌ನೇಮ್, ಹೆಸರು ಕೊಟ್ಟರೆ ಕ್ಲಾಸ್ ಹುಡುಕಿಕೊಡುವ ಕರೆ. ಪ್ರಾಪರ್ಟೀಸ್ ಫೈಲಿನಿಂದ ಕ್ಲಾಸಿನ ಹೆಸರು ಓದಿ ಆಬ್ಜೆಕ್ಟ್ ಮಾಡುತ್ತೀರಿ. ಹೆಸರಿನ ಕೊನೆಗೆ ಒಂದು ಸ್ಪೇಸ್ ಉಳಿದಿದ್ದರೆ ಜಾವಾ ಅದನ್ನು ತೆಗೆಯುವುದಿಲ್ಲ. ಕಣ್ಣಿಗೆ ಎಲ್ಲ ಸರಿಯಿದ್ದರೂ 'ಕ್ಲಾಸ್ ನಾಟ್ ಫೌಂಡ್' ಬರುತ್ತದೆ. ಟ್ರಿಮ್ ಮಾಡಿಯೇ ಕೊಡಿ. ಕ್ಲಾಸಿನ ಮೇಲೇ ನೇರವಾಗಿ ನ್ಯೂಇನ್‌ಸ್ಟನ್ಸ್ ಕರೆಯುವುದು ಜಾವಾ 9ರಿಂದ ಬಳಕೆಗೆ ಸಲ್ಲದ ಪಟ್ಟಿಯಲ್ಲಿದೆ, ಮೊದಲು ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಕಟ್ಟುವ ಭಾಗ) ಪಡೆದು ಅದರಿಂದ ಮಾಡಿ.

ಇನ್ನೊಂದು ದಾರಿ ಸರ್ವಿಸ್ ಲೋಡರ್, ಪಟ್ಟಿಯಲ್ಲಿ ಬರೆದ ಕ್ಲಾಸುಗಳನ್ನು ತಾನೇ ಹುಡುಕಿ ಆಬ್ಜೆಕ್ಟ್ ಮಾಡಿಕೊಡುವ ಸಾಧನ. ಇದು 2006ರ ಜಾವಾ 6ರಿಂದ ಜೆಡಿಕೆ (ಜಾವಾದ ಮೂಲ ಸಲಕರಣೆ ಕಟ್ಟು) ಜೊತೆಗೇ ಬರುತ್ತದೆ, ಬೇರೆ ಲೈಬ್ರರಿ ಬೇಡ. ಜಾರ್ (ಕ್ಲಾಸುಗಳನ್ನು ಕಟ್ಟಿಟ್ಟ ಫೈಲ್) ಒಳಗೆ ಮೆಟಾ-ಇನ್ಫ್/ಸರ್ವೀಸಸ್ ಫೋಲ್ಡರಿನಲ್ಲಿ ಇಂಟರ್‌ಫೇಸಿನ (ಈ ಕ್ಲಾಸುಗಳೆಲ್ಲ ಪಾಲಿಸುವ ಸಾಮಾನ್ಯ ನಮೂನೆ) ಪೂರ್ತಿ ಹೆಸರಿನದೇ ಒಂದು ಫೈಲ್. ಅದರಲ್ಲಿ ಸಾಲಿಗೊಂದು ಕ್ಲಾಸ್. ಹಿಂದೆಮುಂದಿನ ಸ್ಪೇಸನ್ನು ಇದು ತಾನೇ ಬಿಡುತ್ತದೆ. ಆ ಕ್ಲಾಸಿಗೆ ಆರ್ಗ್ಯುಮೆಂಟ್ ಇಲ್ಲದ ಪಬ್ಲಿಕ್ ಕನ್‌ಸ್ಟ್ರಕ್ಟರ್ ಇರಲಿ. ಹೊಸ ಜಾರನ್ನು ಲಿಬ್ ಫೋಲ್ಡರಿಗೆ ಹಾಕಿದ ಮೇಲೆ ಪ್ರೋಗ್ರಾಂ ಒಮ್ಮೆ ನಿಲ್ಲಿಸಿ ಶುರು ಮಾಡಬೇಕು. ಕ್ಲಾಸ್‌ಪಾತ್‌ನಲ್ಲಿ (ಜಾವಾ ಕ್ಲಾಸ್ ಹುಡುಕುವ ಜಾಗಗಳ ಪಟ್ಟಿ) 'ಈ ಫೋಲ್ಡರಿನ ಎಲ್ಲ ಜಾರ್' ಎಂದು ಬರೆದ ನಕ್ಷತ್ರ ಚಿಹ್ನೆ ಬಿಡಿಸಿಕೊಳ್ಳುವುದು ಶುರುವಿನಲ್ಲಿ ಮಾತ್ರ.

ಇದರ ದೊಡ್ಡ ಕೊರತೆ ಮೌನ. ನೋಟ್‌ಪ್ಯಾಡ್ ಆ ಫೈಲಿನ ಹೆಸರಿಗೆ .ಟಿಎಕ್ಸ್‌ಟಿ ಅಂಟಿಸಿದರೆ ಎರರ್ ಇಲ್ಲ, ಕ್ಲಾಸೂ ಇಲ್ಲ. ಹಲವು ಜಾರ್‌ಗಳನ್ನು ಒಂದೇ ದೊಡ್ಡ ಜಾರ್ ಮಾಡುವಾಗಲೂ ಹೀಗೇ: ಒಂದರ ಫೈಲ್ ಇನ್ನೊಂದರದನ್ನು ಅಳಿಸಿ, ಚೆರಿ ಉಳಿದು ಪಾರ್ಚ್‌ಮೆಂಟ್ ಮಾಯವಾಗಬಹುದು. ಜಾರ್ ಕಟ್ಟುವ ಸಾಧನವಾದ ಮೇವನ್‌ನ ಶೇಡ್ ಪ್ಲಗಿನ್ನಿನಲ್ಲಿ ಸರ್ವೀಸಸ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಫೈಲುಗಳು ಕೂಡಿಕೊಳ್ಳುತ್ತವೆ.

ಇನ್ನೊಂದು ಮೋಸ ಬಿಲ್ಲಿನಲ್ಲೇ ಕಾಣುತ್ತದೆ. ಒಂದೇ ಲೋಡರಿನ ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದಿಸಿದರೆ ಹಿಂದೆ ಮಾಡಿದ ಆಬ್ಜೆಕ್ಟನ್ನೇ ಕೈಗಿಡುತ್ತದೆ. ಒಟ್ಟು ಚೀಲದ ಲೆಕ್ಕ ಅದರೊಳಗೇ ಇಟ್ಟಿದ್ದೀರೋ, ಮೊದಲ ಬೆಳೆಗಾರನ 12 ಚೀಲಕ್ಕೆ ಎರಡನೆಯವನ 8 ಸೇರಿ ಬಿಲ್ಲು 20 ಎನ್ನುತ್ತದೆ! ಹಾಗಾಗಿ ಲೋಡರಿನಿಂದ ಫ್ಯಾಕ್ಟರಿ ಮಾತ್ರ ತರಿಸಿ. ಬಿಲ್ಲಿಗೊಂದು ಹೊಸ ಆಬ್ಜೆಕ್ಟ್ ಮಾಡಿಕೊಡುವುದು ಆ ಫ್ಯಾಕ್ಟರಿಯ ಕೆಲಸ.

ಸರ್ವಿಸ್ ಲೋಡರಿಗೆ ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಕಡಿತ ಆ ಮೌನಕ್ಕೆ. ಶುರುವಾಗುತ್ತಲೇ ಎಷ್ಟು ಫ್ಯಾಕ್ಟರಿ ಸಿಕ್ಕಿತು ಎಂದು ಲಾಗ್‌ಗೆ ಬರೆಸಿ. ಸೊನ್ನೆ ಬಂದರೆ ಬಿಲ್ಲಿಂಗ್ ಪರದೆ ತೆರೆಯಲೇ ಬಾರದು.